ಮಸೂರಗಳ ನಡುವೆ ಒಂದು ಗಡಿಯಾರ

ಒಂದು ಸೆಕೆಂಡಿನಲ್ಲಿ ನೀವು ಏನೇನು ಮಾಡಬಲ್ಲಿರಿ? ಎರಡು ಮೂರು ಸಲ ಕಣ್ಣು ಮಿಟುಕಿಸಬಹುದು. ಬಾಯಿ ಚುರುಕಾಗಿದ್ದರೆ ಹದಿಮೂರರ ಮಗ್ಗಿಯ ಒಂದು ಸಾಲು ಹೇಳಿ ಮುಗಿಸಬಹುದು. ಈಗ ಆ ಒಂದು ಸೆಕೆಂಡನ್ನು 500 ಸಮಪಾಲು ಮಾಡಿ, ಅದರಲ್ಲಿ ಒಂದೇ ಒಂದು ಪಾಲನ್ನು ಕೈಗೆತ್ತಿಕೊಳ್ಳಿ. ಅಷ್ಟರೊಳಗೆ ಕಾಗದದಷ್ಟು ತೆಳ್ಳಗಿನ ಐದು ಉಕ್ಕಿನ ಎಲೆಗಳು ನಿಂತಲ್ಲಿಂದ ಹೊರಟು, ಹೂವಿನ ದಳಗಳಂತೆ ಪೂರ್ತಿ ಅರಳಿ, ನಿಂತು, ಹಿಂದಕ್ಕೆ ತಿರುಗಿ, ಮತ್ತೆ ಒಂದರ ಮೇಲೊಂದು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಬ್ಯಾಟರಿ ಇಲ್ಲ, ವಿದ್ಯುತ್ತಿಲ್ಲ. ಇರುವುದು ಒಂದೆರಡು ಸ್ಪ್ರಿಂಗು, ಕೆಲವು ಹಲ್ಲುಗಾಲಿ, ಕೆಲವು ಸನ್ನೆಗೋಲು. ಇಷ್ಟನ್ನೂ ಅಂಗೈಯ ಕುಳಿಯಲ್ಲಿ ಕೂರುವ ಒಂದು ಉಂಗುರದೊಳಗೆ ಅಡಗಿಸಿ, ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಟೋಕಿಯೋದ ಕಾರ್ಖಾನೆಯೊಂದರಿಂದ ಹೊರಗೆ ಕಳಿಸಿದ್ದಾರೆ. ಅದು ಈಗ ನನ್ನ ಮೇಜಿನ ಮೇಲಿದೆ. ನಿನ್ನೆಯೂ ಕೆಲಸ ಮಾಡಿತು.

ಅದು ಮಾಮಿಯಾ ಸಿಕ್ಸ್ ಎಂಬ ಮಡಿಸುವ ಕ್ಯಾಮೆರಾ. ಮಡಿಸಿದಾಗ ದಪ್ಪ ಪುಸ್ತಕದಂತೆ ಕೋಟಿನ ಜೇಬಿಗೆ ಇಳಿಯುತ್ತದೆ. ಗುಂಡಿಯೊತ್ತಿದರೆ ಮುಂಬಾಗಿಲು ತೆರೆದು, ಕಪ್ಪು ತಿದಿ ಹಾರ್ಮೋನಿಯಂನದರಂತೆ ಹಿಗ್ಗಿ, ಮಸೂರ ಮುಂದಕ್ಕೆ ಬಂದು ನಿಲ್ಲುತ್ತದೆ. ಐವತ್ತು ದಾಟಿದ ಓದುಗರು ಇಂಥದ್ದನ್ನು ಮದುವೆ ಮನೆಯಲ್ಲೋ ಊರಿನ ಸ್ಟುಡಿಯೋದಲ್ಲೋ ನೋಡಿರಬಹುದು. ಮಕ್ಕಳಿಗೆ ಇದು ಆಟದ ಸಾಮಾನಿನಂತೆ ಕಾಣುತ್ತದೆ. ಇದರ ಹೊಟ್ಟೆಯೊಳಗೆ ಹೋಗುವುದು 120 ಎಂಬ ಅಗಲ ಫಿಲ್ಮಿನ ಸುರುಳಿ. 1901ರಲ್ಲಿ ಕೊಡಕ್ ಕಂಪನಿ ಹೊರತಂದ ಈ ಅಳತೆ ಇಂದಿಗೂ ಮಾರುಕಟ್ಟೆಯಲ್ಲಿದೆ. ಒಂದು ಸುರುಳಿಯಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರ, ಅಷ್ಟೇ. ಹೆಸರಿನಲ್ಲಿ ‘ಸೆಮಿ’ ಎಂದಿರುವ ಜಪಾನಿ ಕ್ಯಾಮೆರಾಗಳಾದರೆ ಇನ್ನೂ ಸಣ್ಣ ಚೌಕಟ್ಟಿನ ಹದಿನಾರು ಚಿತ್ರ ತೆಗೆಯುತ್ತಿದ್ದವು. ಇಂದು ಒಂದು ಹುಟ್ಟುಹಬ್ಬಕ್ಕೆ ಇನ್ನೂರು ಫೋಟೋ ತೆಗೆಯುವ ಮಕ್ಕಳಿಗೆ ಈ ಹನ್ನೆರಡರ ಲೆಕ್ಕವೇ ದೊಡ್ಡ ಪಾಠವೆನಿಸೀತು.

ನಾನು ಹೇಳಹೊರಟಿರುವುದು ಇಡೀ ಕ್ಯಾಮೆರಾದ ಬಗ್ಗೆ ಅಲ್ಲ, ಅದರ ಷಟರ್ ಬಗ್ಗೆ. ಕ್ಯಾಮೆರಾ ಎಂದರೆ ಮೂಲತಃ ಒಂದು ಕತ್ತಲೆ ಪೆಟ್ಟಿಗೆ. ಅದಕ್ಕೊಂದು ಬಾಗಿಲು ಬೇಕು. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂಬುದು ಬೆಳಕನ್ನೂ ಎದುರಿಗಿರುವ ವಸ್ತುವಿನ ಓಟವನ್ನೂ ಅವಲಂಬಿಸಿದೆ. ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವ ಹುಡುಗ ಒಂದು ಸೆಕೆಂಡಿಗೆ 5 ಮೀಟರ್ ಸಾಗುತ್ತಾನೆ. ಬಾಗಿಲು 1/25 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು 20 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ; ಚಿತ್ರದಲ್ಲಿ ಮುಖದ ಬದಲು ಒಂದು ಗೀಚು ಸಿಗುತ್ತದೆ. 1/500 ಸೆಕೆಂಡಾದರೆ ಅವನು ಸರಿದಿರುವುದು ಒಂದೇ ಸೆಂಟಿಮೀಟರ್. ಅಂಗಿಯ ಗುಂಡಿಯನ್ನೂ ಗುರುತಿಸಬಹುದು.

ಬಾಗಿಲನ್ನು ಎಲ್ಲಿಡಬೇಕು?

ಈ ಬಾಗಿಲನ್ನು ಎರಡು ಕಡೆ ಇಡಬಹುದು. ಒಂದು, ಫಿಲ್ಮಿನ ಎದುರಿಗೇ ಪರದೆಯಂತೆ. ಲೈಕಾ ಮುಂತಾದ ಕ್ಯಾಮೆರಾಗಳದ್ದು ಈ ಬಗೆ. ಇನ್ನೊಂದು, ಮಸೂರದ ಗಾಜುಗಳ ನಡುವೆ. ಮಡಿಸುವ ಕ್ಯಾಮೆರಾಗಳು ಒಪ್ಪಿಕೊಂಡದ್ದು ಈ ಎರಡನೆಯದನ್ನು. ಇದನ್ನೇ ಲೀಫ್ ಷಟರ್ ಎನ್ನುತ್ತಾರೆ. ಕನ್ನಡದಲ್ಲಿ ‘ಎಲೆ ಷಟರ್’ ಎನ್ನೋಣ, ತಪ್ಪೇನಿಲ್ಲ.

ಇಲ್ಲಿ ಜಾಣ ವಿದ್ಯಾರ್ಥಿಗೆ ಒಂದು ಸಂದೇಹ ಬರಬೇಕು. ಎಲೆಗಳು ನಡುವಿನಿಂದ ಅಂಚಿನತ್ತ ತೆರೆಯುತ್ತವೆ, ಅಂಚಿನಿಂದ ನಡುವಿಗೆ ಮುಚ್ಚುತ್ತವೆ. ಹಾಗಾದರೆ ನಡುಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಬಿದ್ದು, ಚಿತ್ರದ ಮಧ್ಯ ಬೆಳ್ಳಗೆ, ಅಂಚು ಕಪ್ಪಗೆ ಆಗಬೇಕಲ್ಲವೆ? ಆಗುವುದಿಲ್ಲ. ಏಕೆಂದು ಬಾಯಲ್ಲಿ ವಿವರಿಸುವುದಕ್ಕಿಂತ ಮನೆಯಲ್ಲೇ ಮಾಡಿ ನೋಡಬಹುದು. ಅಕ್ಷರ ದೊಡ್ಡದು ಮಾಡುವ ಒಂದು ಭೂತಕನ್ನಡಿ ತೆಗೆದುಕೊಳ್ಳಿ. ಹಗಲಲ್ಲಿ ಕೋಣೆಯ ದೀಪ ಆರಿಸಿ, ಕಿಟಕಿಗೆ ಎದುರಾದ ಗೋಡೆಯ ಹತ್ತಿರ ಅದನ್ನು ಹಿಡಿದು ಹಿಂದೆ ಮುಂದೆ ಮಾಡಿ. ಗೋಡೆಯ ಮೇಲೆ ಕಿಟಕಿಯ ತಲೆಕೆಳಗಾದ ಬಿಂಬ ಮೂಡುತ್ತದೆ. ಈಗ ಒಂದು ಅಂಚೆ ಕಾರ್ಡಿನಿಂದ ಮಸೂರದ ಅರ್ಧ ಭಾಗವನ್ನು ಒತ್ತಿ ಮುಚ್ಚಿ. ಬಿಂಬದ ಅರ್ಧ ಮಾಯವಾಯಿತೆ? ಇಲ್ಲ. ಕಿಟಕಿ ಪೂರ್ತಿಯಾಗಿಯೇ ಇದೆ, ಬೆಳಕು ಮಾತ್ರ ಮಂಕಾಯಿತು. ಅದೇ ಕಾರ್ಡನ್ನು ಗೋಡೆಯ ಹತ್ತಿರಕ್ಕೆ ತನ್ನಿ. ಆಗ ಬಿಂಬ ಕತ್ತರಿಸಿದಂತೆ ಅರ್ಧವಾಗುತ್ತದೆ.

ಮಸೂರದ ಪ್ರತಿಯೊಂದು ತುಣುಕೂ ಇಡೀ ಬಿಂಬವನ್ನು ಕಟ್ಟುತ್ತದೆ. ಎಲೆಗಳ ನಡುವೆ ಸಾಸಿವೆಯಷ್ಟು ರಂಧ್ರ ತೆರೆದ ಕ್ಷಣದಲ್ಲೇ ಫಿಲ್ಮಿನ ಮೂಲೆಮೂಲೆಗೂ ಬೆಳಕು ತಲುಪುತ್ತದೆ. ರಂಧ್ರ ದೊಡ್ಡದಾದಂತೆ ಇಡೀ ಚಿತ್ರ ಒಟ್ಟಿಗೆ ಬೆಳಗುತ್ತದೆ, ಮುಚ್ಚಿದಂತೆ ಒಟ್ಟಿಗೆ ಕಂದುತ್ತದೆ. ಹತ್ತನೇ ತರಗತಿಯ ಬೆಳಕಿನ ಪಾಠ ಓದುವಾಗ ಈ ಕಾರ್ಡಿನ ಆಟವನ್ನು ಯಾರಾದರೂ ತೋರಿಸಿಕೊಟ್ಟಿದ್ದರೆ ನನಗೆ ಆ ಪಾಠ ಅಷ್ಟು ಕಹಿಯಾಗುತ್ತಿರಲಿಲ್ಲ.

ಈ ಏರ್ಪಾಡಿನಿಂದ ಇನ್ನೊಂದು ಲಾಭವುಂಟು. ಪರದೆಯಂಥ ಷಟರಿನಲ್ಲಿ ಹೆಚ್ಚಿನ ವೇಗಕ್ಕೆ ಹೋದಾಗ ಇಡೀ ಫಿಲ್ಮು ಒಮ್ಮೆಗೇ ತೆರೆದಿರುವುದಿಲ್ಲ. ಒಂದು ಸೀಳು ಮಾತ್ರ ಅದರ ಮುಂದೆ ಹಾದುಹೋಗುತ್ತದೆ. ಆಗ ಫ್ಲಾಷ್ ಹೊಡೆದರೆ ಚಿತ್ರದ ಒಂದು ಪಟ್ಟಿಗಷ್ಟೇ ಬೆಳಕು. ಎಲೆ ಷಟರಿಗೆ ಈ ಕಾಟವಿಲ್ಲ. ಯಾವ ವೇಗದಲ್ಲಾದರೂ ಫ್ಲಾಷ್ ಕೆಲಸ ಮಾಡುತ್ತದೆ. ಹಳೆಯ ಷಟರಿನ ಪಕ್ಕದಲ್ಲಿ ಎಂ, ಎಕ್ಸ್ ಎಂಬ ಎರಡು ರೋಮನ್ ಅಕ್ಷರಗಳನ್ನು ಕೆತ್ತಿರುತ್ತಾರೆ. ಒಂದು ಸಲ ಉರಿದು ಹೋಗುವ ಫ್ಲಾಷ್ ಬಲ್ಬು ಪೂರ್ಣ ಪ್ರಕಾಶಕ್ಕೆ ಬರಲು ಸೆಕೆಂಡಿನ ಐವತ್ತನೇ ಒಂದು ಪಾಲಿನಷ್ಟು ಹೊತ್ತು ಬೇಕು. ಅದಕ್ಕಾಗಿ ಎಂ ಗುರುತಿನಲ್ಲಿ ಷಟರು ಮೊದಲು ಬಲ್ಬಿಗೆ ಕಿಡಿ ಕೊಟ್ಟು, ಸ್ವಲ್ಪ ಕಾದು, ಆಮೇಲೆ ತೆರೆಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಷ್ ಮಿಂಚಿನಂತೆ ಕೂಡಲೇ ಹೊಳೆಯುವುದರಿಂದ ಎಕ್ಸ್ ಗುರುತಿನಲ್ಲಿ ಕಾಯುವ ಮಾತಿಲ್ಲ. ಇಷ್ಟನ್ನೂ ಮಾಡುವುದು ಹಲ್ಲುಗಾಲಿಗಳೇ.

ಒಳಗೆ ನಡೆಯುವುದೇನು?

ಪ್ರತಿ ಎಲೆಗೂ ಎರಡು ಹಿಡಿತ. ಒಂದು ತುದಿ ಅಲ್ಲಾಡದ ಮೊಳೆಯ ಮೇಲೆ ತಿರುಗುತ್ತದೆ. ಇನ್ನೊಂದೆಡೆ ಸಣ್ಣ ಸೀಳಿದ್ದು, ಅದರಲ್ಲಿ ಸುತ್ತಲಿನ ಒಂದು ಉಂಗುರದ ಮೊಳೆ ಸಿಕ್ಕಿಕೊಂಡಿರುತ್ತದೆ. ಉಂಗುರ ಒಂದಿಷ್ಟು ಹೊರಳಿದರೆ ಐದೂ ಎಲೆಗಳು ಒಟ್ಟಿಗೆ ಹೊರಕ್ಕೆ ಸರಿಯುತ್ತವೆ. ಉಂಗುರ ಹಿಂದೆ ಹೊರಳಿದರೆ ಒಳಕ್ಕೆ. ನೀವು ಸನ್ನೆಯನ್ನೆಳೆದು ಷಟರಿಗೆ ಕೀಲಿ ಕೊಟ್ಟಾಗ ಮುಖ್ಯ ಸ್ಪ್ರಿಂಗು ಬಿಗಿಯುತ್ತದೆ. ಗುಂಡಿ ಒತ್ತಿದಾಗ ಅದು ಬಿಚ್ಚಿಕೊಂಡು ಉಂಗುರವನ್ನು ಅತ್ತ ದೂಡಿ ಇತ್ತ ಎಳೆಯುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ತಡೆಯುವವರಿಲ್ಲದಿದ್ದರೆ ಇದೇ ಅತಿ ವೇಗದ ತೆರೆ-ಮುಚ್ಚು.

ನಿಧಾನ ವೇಗ ಬೇಕಾದಾಗ ಎಲೆಗಳು ತೆರೆದಿರುವ ಸ್ಥಿತಿಯಲ್ಲಿ ಉಂಗುರವನ್ನು ಯಾರಾದರೂ ಹಿಡಿದು ನಿಲ್ಲಿಸಬೇಕು. ಆ ‘ಯಾರಾದರೂ’ ಎಂದರೆ ಹಲ್ಲುಗಾಲಿಗಳ ಒಂದು ಸಾಲು. ಕೊನೆಯ ಗಾಲಿ ನಕ್ಷತ್ರದ ಆಕಾರದ್ದು. ಅದರ ಹಲ್ಲುಗಳ ನಡುವೆ ಹಡಗಿನ ಲಂಗರಿನಂಥ ಒಂದು ಪುಟ್ಟ ತುಂಡು ಎಡಬಲಕ್ಕೆ ತೂಗುತ್ತ, ಪ್ರತಿ ಹಲ್ಲನ್ನೂ ಒಂದು ಕ್ಷಣ ತಡೆದು ಬಿಡುತ್ತದೆ. ಸ್ಪ್ರಿಂಗು ಈ ಸಾಲನ್ನೆಲ್ಲ ತಿರುಗಿಸಿ ಮುಗಿಸುವವರೆಗೆ ಎಲೆಗಳು ಮುಚ್ಚುವಂತಿಲ್ಲ. ಒಂದು ಸೆಕೆಂಡಿಗೆ ಇಟ್ಟು ಕ್ಯಾಮೆರಾವನ್ನು ಕಿವಿಗೆ ಹಿಡಿದರೆ ಜೀರುಂಡೆ ಕೂಗಿದಂತೆ ‘ಜ್ರ್‌ರ್‌ರ್’ ಎಂಬ ಸದ್ದು ಕೇಳುತ್ತದಲ್ಲ, ಅದು ಆ ಲಂಗರಿನದು. ಮಧ್ಯಮ ವೇಗಗಳಲ್ಲಿ ಲಂಗರು ಪಕ್ಕಕ್ಕೆ ಸರಿದು, ಗಾಲಿಗಳ ತೂಕವಷ್ಟೇ ತಡೆಯಾಗುತ್ತದೆ. ಎಲ್ಲಕ್ಕಿಂತ ಮೇಲಿನ ವೇಗದಲ್ಲಿ ಗಾಲಿಗಳೂ ಆಚೆಗೆ. ಹೊರಗೆ ನೀವು ತಿರುಗಿಸುವ ವೇಗದ ಬಳೆಯ ಒಳಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಸೀಳುಗಳಿವೆ. ಯಾವ ಗಾಲಿ ಎಷ್ಟು ತೊಡಗಬೇಕೆಂದು ತೀರ್ಮಾನಿಸುವುದು ಆ ಮೆಟ್ಟಿಲುಗಳು. 1/500ಕ್ಕೆ ಸಾಮಾನ್ಯವಾಗಿ ಇನ್ನೊಂದು ಗಡಸು ಸ್ಪ್ರಿಂಗಿನ ಸಹಾಯವೂ ಇರುತ್ತದೆ. ಆದ್ದರಿಂದಲೇ ಇಂಥ ಅನೇಕ ಷಟರುಗಳಲ್ಲಿ ಕೀಲಿ ಕೊಟ್ಟ ಮೇಲೆ 500ಕ್ಕೆ ತಿರುಗಿಸಬಾರದು; ಮೊದಲು ವೇಗ, ಆಮೇಲೆ ಕೀಲಿ.

ಗಡಿಯಾರದಲ್ಲೂ ಹೀಗೇ ಅಲ್ಲವೆ ಎಂದು ಕೇಳಿದರೆ, ಹೆಚ್ಚುಕಡಿಮೆ ಹೌದು. ವ್ಯತ್ಯಾಸವೆಂದರೆ ಗಡಿಯಾರದಲ್ಲಿ ತಲೆಗೂದಲಿನಂಥ ಸ್ಪ್ರಿಂಗಿನ ತೂಗಾಟ ಕಾಲವನ್ನು ನಿಖರವಾಗಿ ಅಳೆಯುತ್ತದೆ. ಷಟರಿನಲ್ಲಿ ಅದಿಲ್ಲ. ಹಾಗಾಗಿ ಎಣ್ಣೆ ಒಣಗಿದಂತೆ, ಸ್ಪ್ರಿಂಗು ದಣಿದಂತೆ ಅದರ ಲೆಕ್ಕ ಏರುಪೇರಾಗುತ್ತದೆ.

ಜರ್ಮನಿಯಿಂದ ಟೋಕಿಯೋಗೆ

ಈ ಗಾಲಿಗಳ ಉಪಾಯ ಜಪಾನಿನದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಫ್ರೀಡ್ರಿಕ್ ಡೆಕೆಲ್ ಅವರ ಕಾರ್ಖಾನೆ ‘ಕಾಂಪೌಂಡ್’ ಎಂಬ ಷಟರನ್ನು ಮಾಡುತ್ತಿತ್ತು. ಅದರಲ್ಲಿ ತಡೆ ಒಡ್ಡುತ್ತಿದ್ದದ್ದು ಸೈಕಲ್ ಪಂಪಿನಂಥ ಒಂದು ಪುಟ್ಟ ಕೊಳವೆಯ ಗಾಳಿ. 1912ರ ಸುಮಾರಿಗೆ ಗಾಳಿಯ ಜಾಗಕ್ಕೆ ಗಡಿಯಾರದ ಗಾಲಿಗಳು ಬಂದವು. ಗಡಿಯಾರದ ಯಂತ್ರಕ್ಕೆ ಜರ್ಮನ್ ಭಾಷೆಯಲ್ಲಿ ‘ಉರ್‌ವೆರ್ಕ್’ ಎಂಬ ಪದವಿದೆ. ಕಾಂಪೌಂಡ್‌ನ ತಲೆಗೆ ಅದರ ‘ಉರ್’ ಸೇರಿಸಿ ಹೊಸದಕ್ಕೆ ‘ಕಾಂಪುರ್’ ಎಂದು ಹೆಸರಿಟ್ಟರು. ಮುಂದಿನ ಐವತ್ತು ವರ್ಷ ಜಗತ್ತಿನ ಒಳ್ಳೆಯ ಕ್ಯಾಮೆರಾಗಳ ಮೂಗಿನ ಮೇಲೆ ಈ ಹೆಸರಿತ್ತು.

ಜಪಾನಿನಲ್ಲಿ ಕ್ಯಾಮೆರಾದ ಪೆಟ್ಟಿಗೆ, ತಿದಿಗಳನ್ನು ಮಾಡುವವರಿಗೆ ಬರವಿರಲಿಲ್ಲ. ಮರಗೆಲಸ, ತಗಡಿನ ಕೆಲಸ, ಚರ್ಮದ ಕೆಲಸ ಬಲ್ಲ ಕುಶಲಕರ್ಮಿಗಳು ಬೇಕಾದಷ್ಟಿದ್ದರು. ಕಷ್ಟವಾದದ್ದು ಎರಡೇ: ಮಸೂರದ ಗಾಜು, ಷಟರು. 1928ರಲ್ಲಿ ಕಜುವೊ ತಾಶಿಮಾ ಎಂಬ ಯುವಕ ಇಬ್ಬರು ಜರ್ಮನರ ನೆರವಿನೊಂದಿಗೆ ಆರಂಭಿಸಿದ ಕಂಪನಿಯ ಹೆಸರಿನಲ್ಲೇ ‘ಜಪಾನ್-ಜರ್ಮನಿ’ ಎಂದಿತ್ತು. 1929ರಲ್ಲಿ ಅವರು ತಂದ ಮೊದಲ ಮಡಿಸುವ ಕ್ಯಾಮೆರಾ ನಿಫ್ಕಾಲೆಟ್‌ಗೆ ಮಸೂರ, ಷಟರು ಎರಡೂ ಜರ್ಮನಿಯಿಂದ ಬಂದವು. ಈ ಕಂಪನಿಯೇ ಮುಂದೆ ಮಿನೋಲ್ಟಾ ಎಂದು ಹೆಸರಾಯಿತು. ಸೂಕ್ಷ್ಮದರ್ಶಕ ಮಾಡುತ್ತಿದ್ದ ಕಂಪನಿಯೊಂದು 1936ರಲ್ಲಿ ತನ್ನದೇ ಜುಯಿಕೋ ಮಸೂರವನ್ನು ಕೂರಿಸಿ ‘ಸೆಮಿ ಒಲಿಂಪಸ್’ ಎಂಬ ಮಡಿಸುವ ಕ್ಯಾಮೆರಾ ತಂದಿತು. ಗಾಜು ಸ್ವದೇಶಿಯಾಯಿತು, ಷಟರು ಮಾತ್ರ ಆಗಲೂ ಕಾಂಪುರ್.

1937ರಲ್ಲಿ ಚೀನಾದೊಂದಿಗೆ ಯುದ್ಧ ಶುರುವಾದ ಮೇಲೆ ವಿದೇಶಿ ಕ್ಯಾಮೆರಾ ಸಾಮಾನುಗಳ ಆಮದಿಗೆ ಕಡಿವಾಣ ಬಿತ್ತು. ಕೊಳ್ಳುವ ದಾರಿ ಮುಚ್ಚಿದಾಗ ಮಾಡುವ ದಾರಿಯೊಂದೇ ಉಳಿಯಿತು. ಹಾಗಾದರೆ ಕೂದಲೆಳೆಯಂಥ ಸ್ಪ್ರಿಂಗು, ಅಕ್ಕಿಕಾಳಿನಂಥ ಹಲ್ಲುಗಾಲಿಗಳನ್ನು ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ಮಾಡಬಲ್ಲವರು ಯಾರು? ಗಡಿಯಾರದವರು!

ಕಿಂತಾರೋ ಹತ್ತೋರಿ ಎಂಬವರು 1881ರಲ್ಲಿ ಟೋಕಿಯೋದಲ್ಲಿ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ ತೆರೆದಿದ್ದರು. 1892ರಲ್ಲಿ ಸೇಕೋಶಾ ಎಂಬ ಕಾರ್ಖಾನೆ ಕಟ್ಟಿದರು. 1913ರಲ್ಲಿ ಜಪಾನಿನ ಮೊದಲ ಕೈಗಡಿಯಾರ ಇಲ್ಲಿಂದಲೇ ಬಂತು. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದ ಬೆಂಕಿಯಲ್ಲಿ ಕಾರ್ಖಾನೆ ಸುಟ್ಟುಹೋಯಿತು. ರಿಪೇರಿಗೆಂದು ಬಂದು ಬೆಂಕಿಗೆ ಸಿಕ್ಕಿದ ಗಿರಾಕಿಗಳ ಗಡಿಯಾರಗಳಿಗೆ ಬದಲು ಹೊಸದನ್ನು ಕೊಟ್ಟವರು ಹತ್ತೋರಿ. ನಾವೆಲ್ಲ ಸೀಕೋ ಎಂದು ಕರೆಯುವ ಹೆಸರಿನ ಮೂಲ ಇದು. 1930ರ ದಶಕದಲ್ಲಿ ಈ ಸೇಕೋಶಾ ಷಟರುಗಳನ್ನೂ ಮಾಡತೊಡಗಿತು. ಮೊದಮೊದಲಿನವು ಕಾಂಪುರ್‌ನ ನೆರಳಿನಂತೆಯೇ ಇದ್ದವು. ನಕಲು ಎನ್ನುವವರು ಎನ್ನಲಿ. ಆದರೆ 1/500 ಸೆಕೆಂಡು ಕಣ್ಣಿಗೆ ಕಾಣುವ ವಸ್ತುವಲ್ಲ; ಅದನ್ನು ನೋಡಿ ಬರೆದುಕೊಳ್ಳಲಾಗದು. ಉಕ್ಕು, ಹದ, ಅಳತೆ ಎಲ್ಲವನ್ನೂ ಸ್ವತಃ ಕಲಿತೇ ತೀರಬೇಕು.

ನನ್ನ ಮೇಜಿನ ಮೇಲಿರುವ ಮಾಮಿಯಾ ಸಿಕ್ಸ್‌ನ ಮೊದಲ ಮಾದರಿ ಬಂದದ್ದು 1940ರಲ್ಲಿ. ರಚಿಸಿದವರು ಸೇಯಿಚಿ ಮಾಮಿಯಾ. ಎಲ್ಲ ಕ್ಯಾಮೆರಾಗಳಲ್ಲೂ ದೂರ ಹೊಂದಿಸಲು ಮಸೂರ ಹಿಂದೆ ಮುಂದೆ ಸರಿದರೆ ಇದರಲ್ಲಿ ಮಸೂರ, ಷಟರು ನಿಂತಲ್ಲೇ ನಿಲ್ಲುತ್ತವೆ. ಬೆನ್ನಿನ ಮೇಲಿನ ಹಲ್ಲುಚಕ್ರ ತಿರುಗಿಸಿದರೆ ಫಿಲ್ಮೇ ಸರಿಯುತ್ತದೆ. ತಿದಿಯ ತುದಿಯಲ್ಲಿ ನೇತಾಡುವ ಮಸೂರವನ್ನು ದೂರಮಾಪಕಕ್ಕೆ ಜೋಡಿಸುವ ಪೇಚಾಟವನ್ನು ಅವರು ಹೀಗೆ ಪಕ್ಕಕ್ಕಿಟ್ಟರು. ಸರಳ ಬುದ್ಧಿ ಎನಿಸುತ್ತದೆ, ಮೊದಲು ಹೊಳೆಯಬೇಕಷ್ಟೆ.

ನಾನು ಬಿಟ್ಟ ಎಣ್ಣೆ

ಈ ಕ್ಯಾಮೆರಾ ನನ್ನ ಸೋದರಮಾವನದು. ಬೊಂಬಾಯಿಯ ಹಡಗಿನಲ್ಲಿ ಕೆಲಸಕ್ಕಿದ್ದಾಗ ಯಾರಿಂದಲೋ ಹಳೆಯದನ್ನು ಕೊಂಡು ಕುಂದಾಪುರದ ಹತ್ತಿರದ ನಮ್ಮೂರಿಗೆ ತಂದಿದ್ದರು. 1982ರಲ್ಲಿ ನಾನು ಒಂಬತ್ತನೇ ತರಗತಿ. ಅಮ್ಮಮ್ಮನಿಗೆ ಸಾವಿರ ಚಂದ್ರ ನೋಡಿದ ಶಾಂತಿ ಇಟ್ಟುಕೊಂಡಿದ್ದರು. ಎರಡು ದಿನ ಮೊದಲು ನಾನು ಯಾರಿಗೂ ಹೇಳದೆ ಕ್ಯಾಮೆರಾ ತೆಗೆದು ಆಡಿಸಿ ನೋಡಿದೆ. ನಿಧಾನ ವೇಗದ ಸದ್ದು ಎಳೆದೆಳೆದು ಬರುತ್ತಿತ್ತು. ತುಕ್ಕು ಹಿಡಿದಿರಬೇಕು ಎಂದು ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಎರಡು ಹನಿ ಸನ್ನೆಯ ಸಂದಿಗೆ ಬಿಟ್ಟೆ. ಸದ್ದು ಕೂಡಲೇ ನಯವಾಯಿತು. ಉಪಕಾರ ಮಾಡಿದೆನೆಂಬ ಹೆಮ್ಮೆಯಿಂದ ಮುಚ್ಚಿಟ್ಟೆ.

ಶಾಂತಿಯ ದಿನ ಮಾವ ಹನ್ನೆರಡೂ ಚಿತ್ರ ತೆಗೆದರು. ಅಮ್ಮಮ್ಮ ಪಟ್ಟೆಸೀರೆಯುಟ್ಟು ಮಣೆಯ ಮೇಲೆ ಕೂತದ್ದು, ಮೊಮ್ಮಕ್ಕಳೆಲ್ಲ ಕಾಲಿಗೆ ಬಿದ್ದದ್ದು. ವಾರದ ನಂತರ ಸ್ಟುಡಿಯೋದವರು ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಇಡೀ ಸುರುಳಿ ಇದ್ದಿಲಿನಂತೆ ಕಪ್ಪು. ಬೆಳಕು ಮಿತಿಮೀರಿ ನುಗ್ಗಿ ಎಲ್ಲವೂ ಸುಟ್ಟುಹೋಗಿತ್ತು.

ಆದದ್ದಿಷ್ಟೆ. ಎಣ್ಣೆ ಸಂದಿಯಿಂದ ಸಂದಿಗೆ ತಾನಾಗಿ ಹರಿದು ಎಲೆಗಳಿಗೆ ತಲುಪಿತ್ತು. ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ಹನಿ ನೀರು ಬಿಟ್ಟು ಬಿಡಿಸಲು ನೋಡಿ; ಅಂಟು ಹಾಕಿದಂತೆ ಕೂತಿರುತ್ತವೆ. ಒಂದರ ಮೇಲೊಂದು ಮಲಗಿರುವ ತೆಳು ಎಲೆಗಳಿಗೂ ಅದೇ ಗತಿ. ಅವು ತೆರೆದವು, ಆದರೆ ಮುಚ್ಚಲು ತಡವರಿಸಿದವು. ಎಲೆ ಷಟರಿನ ಎಲೆಗಳು ಒಣಗಿಯೇ ಓಡಾಡಬೇಕು, ಅವಕ್ಕೆ ಎಣ್ಣೆ ಕೂಡದು ಎಂಬುದು ನನಗೆ ಗೊತ್ತಿರಲಿಲ್ಲ.

ನಾನೇ ಒಪ್ಪಿಕೊಂಡೆ. ಮಾವ ಬಯ್ಯಲಿಲ್ಲ. “ಬಾ ಮಾಣಿ” ಎಂದು ಪೇಟೆಗೆ ಕರೆದುಕೊಂಡು ಹೋದರು. ಕ್ಯಾಮೆರಾ ಅಂಗಡಿಗಲ್ಲ, ವಾಚು ರಿಪೇರಿಯವರ ಹತ್ತಿರ. ಅವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಷಟರಿನ ಮುಂದಿನ ಬಳೆ ಬಿಚ್ಚಿ ಇಣುಕಿದರು. “ಇದು ನಮ್ಮ ಕಸುಬೇ ಆಯ್ತಲ್ಲ ಮಾರಾಯ್ರೆ” ಎಂದರು. ಎಲೆಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ತೊಳೆದು, ಮತ್ತೆ ಒಣಗಿಸಿ ಮೂರು ದಿನ ಇಟ್ಟುಕೊಂಡರು. ಗಾಲಿಗಳ ಅಚ್ಚಿಗೆ ಸೂಜಿಯ ತುದಿಯಲ್ಲಿ ಹಚ್ಚಿದ ಎಣ್ಣೆ ಬಿಟ್ಟರೆ ಬೇರೆಲ್ಲೂ ಹನಿ ತಾಕಿಸಲಿಲ್ಲ. ಕ್ಯಾಮೆರಾ ಸರಿಯಾಯಿತು. ಅಮ್ಮಮ್ಮ ಆ ಮಳೆಗಾಲ ಕಳೆಯಲಿಲ್ಲ. ಅವರದ್ದೆಂದು ನಮ್ಮಲ್ಲಿ ಈಗ ಇರುವುದು ಒಂದು ಮದುವೆಯ ಗುಂಪುಚಿತ್ರ. ಅದರಲ್ಲಿ ಅವರು ಯಾರನ್ನೋ ಕರೆಯಲು ಮುಖ ತಿರುಗಿಸಿದ್ದಾರೆ.

ಬೆಂಗಳೂರಿನ ನಂಟು

ಆ ವಾಚು ರಿಪೇರಿಯವರ ಕೈ ಪಳಗಿದ್ದದ್ದು ಎಚ್‌ಎಂಟಿ ಗಡಿಯಾರಗಳ ಮೇಲೆ. ಇಲ್ಲೊಂದು ಸ್ವಾರಸ್ಯವಿದೆ. ಸೇಕೋಶಾದಂತೆಯೇ ಷಟರು ಮಾಡಿದ ಇನ್ನೊಂದು ಜಪಾನಿ ಗಡಿಯಾರ ಕಂಪನಿ ಸಿಟಿಜನ್. 1950ರ ದಶಕದ ಅನೇಕ ಮಡಿಸುವ ಕ್ಯಾಮೆರಾಗಳ ಮಸೂರದ ಸುತ್ತ ಈ ಹೆಸರನ್ನು ಕಾಣಬಹುದು. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಶುರುವಾದದ್ದು ಇದೇ ಸಿಟಿಜನ್ ಸಹಯೋಗದಲ್ಲಿ. 1924ರಲ್ಲಿ ತಮ್ಮ ಮೊದಲ ಜೇಬುಗಡಿಯಾರಕ್ಕೆ ‘ಸಿಟಿಜನ್’ ಎಂದರೆ ನಾಗರಿಕ ಎಂದು ಜಪಾನೀಯರು ಹೆಸರಿಟ್ಟಿದ್ದು, ಅದು ಸಾಮಾನ್ಯ ಜನರಿಗೂ ಎಟುಕಲಿ ಎಂಬ ಆಸೆಯಿಂದ. ಬೆಂಗಳೂರಿನವರು ತಮ್ಮದೊಂದಕ್ಕೆ ‘ಜನತಾ’ ಎಂದರು. ನಮ್ಮ ಅಪ್ಪ, ಅಜ್ಜಂದಿರ ಮಣಿಕಟ್ಟಿನ ಮೇಲೆ ಓಡಿದ ಆ ಗಾಲಿಗಳಿಗೂ ಟೋಕಿಯೋದ ಕ್ಯಾಮೆರಾಗಳೊಳಗೆ ಜೀರುಂಡೆಯಂತೆ ಕೂಗಿದ ಗಾಲಿಗಳಿಗೂ ಒಂದೇ ಗರಡಿ. ಎಚ್‌ಎಂಟಿ ಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು.

ಯುದ್ಧದ ನಂತರದ ಜಪಾನಿನಲ್ಲಿ ಡಾಲರು ತರಬಲ್ಲ ಸರಕುಗಳು ಬೆರಳೆಣಿಕೆಯಷ್ಟಿದ್ದವು. ಕ್ಯಾಮೆರಾ ಅವುಗಳಲ್ಲೊಂದು. ಕೆಲವು ಹಳೆಯ ಕ್ಯಾಮೆರಾಗಳ ತಳದಲ್ಲಿ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಅರ್ಥದ ಇಂಗ್ಲಿಷ್ ಬರಹ ಇನ್ನೂ ಉಳಿದಿದೆ. ಫ್ಯೂಜಿ ಫಿಲ್ಮ್ ಕಂಪನಿ ತನ್ನ ಮೊದಲ ಕ್ಯಾಮೆರಾವನ್ನು 1948ರಲ್ಲಿ ತಂದಿತು. ಅದು ಫ್ಯೂಜಿಕಾ ಸಿಕ್ಸ್, ಮಡಿಸುವಂಥದ್ದೇ. ಕೊನಿಶಿರೋಕು ಕಂಪನಿಯ ಪರ್ಲ್ ಕ್ಯಾಮೆರಾ 1949ರಿಂದ ಒಂದೊಂದೇ ಸುಧಾರಣೆ ಕಂಡು 1958ರಲ್ಲಿ ನಾಲ್ಕನೇ ಅವತಾರಕ್ಕೆ ಬಂತು. ಷಟರು ಮಾಡುವವರಲ್ಲಿ ಕೋಪಾಲ್ ಎಂಬ ಹೊಸ ಹೆಸರೂ ಸೇರಿತು. ಜಪಾನಿ ಮಾಲು ಎಂದರೆ ಅಗ್ಗ, ಕಳಪೆ ಎಂಬ ಮಾತು ಆಗ ಪರದೇಶಗಳಲ್ಲಿ ಸಾಮಾನ್ಯವಾಗಿತ್ತು. ಅದನ್ನು ತೊಡೆಯಲು 1954ರಲ್ಲಿ ಕ್ಯಾಮೆರಾ ತಪಾಸಣಾ ಸಂಸ್ಥೆಯೊಂದನ್ನೇ ಕಟ್ಟಿದರು. ರಫ್ತಾಗುವ ಕ್ಯಾಮೆರಾಗಳನ್ನು ಪರೀಕ್ಷಿಸಿ, ತೇರ್ಗಡೆಯಾದದ್ದಕ್ಕೆ ಮೊಟ್ಟೆಯಾಕಾರದ ಬಂಗಾರ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಹಳೆಯ ಜಪಾನಿ ಕ್ಯಾಮೆರಾ ಸಿಕ್ಕಿದರೆ ಆ ಚೀಟಿಯನ್ನು ಹುಡುಕಿ ನೋಡಿ, ಕೆಲವದರಲ್ಲಿ ಇನ್ನೂ ಅಂಟಿಕೊಂಡಿರುತ್ತದೆ. 1960ರ ದಶಕದ ಆರಂಭದಲ್ಲಿ ಕ್ಯಾಮೆರಾ ತಯಾರಿಕೆಯಲ್ಲಿ ಜಪಾನ್ ಜರ್ಮನಿಯನ್ನು ಹಿಂದೆ ಹಾಕಿತು.

ಅಷ್ಟರಲ್ಲಿ ಮಡಿಸುವ ಕ್ಯಾಮೆರಾದ ಕಾಲ ಮುಗಿದಿತ್ತು. 1957ರ ಅಸಾಹಿ ಪೆಂಟಾಕ್ಸ್, 1959ರ ನಿಕಾನ್ ಎಫ್ ಮುಂತಾದ ಬದಲಾಯಿಸಬಹುದಾದ ಮಸೂರಗಳ ಕ್ಯಾಮೆರಾಗಳು ಬಂದವು. ಪ್ರತಿ ಮಸೂರಕ್ಕೂ ಒಂದೊಂದು ಷಟರು ಕೂರಿಸಿದರೆ ದುಬಾರಿ; ಹಾಗಾಗಿ ಬಾಗಿಲು ಫಿಲ್ಮಿನ ಮುಂದಿನ ಪರದೆಗೆ ಹೋಯಿತು. ಎಲೆ ಷಟರು ಪೂರ್ತಿ ಸಾಯಲಿಲ್ಲ. ಇಂದಿನ ಕೆಲವು ಡಿಜಿಟಲ್ ಕ್ಯಾಮೆರಾಗಳಲ್ಲೂ ಅದಿದೆ, ಗಾಲಿಗಳ ಬದಲು ವಿದ್ಯುತ್ತು ಅದನ್ನಾಡಿಸುತ್ತದೆ. ಮೊಬೈಲಿನಲ್ಲಿ ಮಾತ್ರ ಬಾಗಿಲೇ ಇಲ್ಲ. ನೀವು ಕೇಳುವ ‘ಕ್ಲಿಕ್’ ಮೊದಲೇ ಮುದ್ರಿಸಿಟ್ಟ ಸದ್ದು.

ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದರೆ

ಮನೆಯ ಅಟ್ಟದಲ್ಲೋ ಅಜ್ಜನ ಟ್ರಂಕಿನಲ್ಲೋ ಇಂಥ ಕ್ಯಾಮೆರಾ ಸಿಕ್ಕಿದರೆ ಒಂದು ಮಾತು. ಸನ್ನೆ ಬಿಗಿಯಾಗಿದ್ದರೆ ಬಲ ಹಾಕಬೇಡಿ. ವಿ ಅಕ್ಷರದ ಗುರುತಿದ್ದರೆ ಅದು ತನ್ನಷ್ಟಕ್ಕೆ ಚಿತ್ರ ತೆಗೆಯುವ ತಡಗಾಲಿ. ಹಳೆಯ ಷಟರಿನಲ್ಲಿ ಮೊದಲು ಕೆಡುವುದು ಅದೇ, ಒಮ್ಮೆ ಸಿಕ್ಕಿಕೊಂಡರೆ ಇಡೀ ಷಟರನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ಮುಟ್ಟದಿರುವುದೇ ಲೇಸು. ತಿದಿಯನ್ನು ಕತ್ತಲೆ ಕೋಣೆಯಲ್ಲಿ ಬಿಚ್ಚಿ, ಒಳಗೆ ಬ್ಯಾಟರಿ ದೀಪ ಹಿಡಿದರೆ ಮೂಲೆಗಳಲ್ಲಿ ಸೂಜಿಮೊನೆಯಂಥ ತೂತುಗಳು ನಕ್ಷತ್ರದಂತೆ ಹೊಳೆಯುತ್ತವೆ. ಕರಾವಳಿ, ಮಲೆನಾಡಿನವರಾದರೆ ಮಸೂರದಲ್ಲಿ ಜೇಡರಬಲೆಯಂಥ ಬೂಷ್ಟು ಇದೆಯೇ ನೋಡಿ. ಚಿತ್ರ ತೆಗೆಯುವಾಗ ಮೊದಲು ಮುಂಬಾಗಿಲು ತೆರೆದು ಆಮೇಲೆ ಫಿಲ್ಮು ಸುತ್ತಬೇಕು. ತಿದಿ ಫಕ್ಕನೆ ಹಿಗ್ಗಿದರೆ ಗಾಳಿಯನ್ನೆಳೆದು ಫಿಲ್ಮನ್ನು ಮುಂದಕ್ಕೆ ಉಬ್ಬಿಸುತ್ತದೆ, ಚಿತ್ರ ಮಸುಕಾಗುತ್ತದೆ. ಎಣ್ಣೆಯ ಡಬ್ಬಿಯನ್ನು ಹೊಲಿಗೆ ಮಿಷನ್ನಿನ ಖಾನೆಯಲ್ಲೇ ಬಿಡಿ.

ಷಟರಿನ ವೇಗ ಸರಿಯಿದೆಯೇ ಎಂದು ಪರೀಕ್ಷಿಸಲು ಹಿಂದೆ ಪ್ರಯೋಗಶಾಲೆ ಬೇಕಿತ್ತು. ಈಗ ಪಿಯುಸಿ ಓದುವ ನನ್ನ ಮಗಳು ಮೊಬೈಲಿನಲ್ಲೇ ಮಾಡಿದಳು. ಫಿಲ್ಮಿಲ್ಲದ ಕ್ಯಾಮೆರಾದ ಹಿಂಬಾಗಿಲು ತೆಗೆದು, ಮಸೂರವನ್ನು ಬೆಳಕಿನ ಕಿಟಕಿಗೆ ತಿರುಗಿಸಿ, ಹಿಂದಿನಿಂದ ಸೆಕೆಂಡಿಗೆ 240 ಚೌಕಟ್ಟಿನ ನಿಧಾನಗತಿಯ ವಿಡಿಯೋ ತೆಗೆದಳು. ಒಂದೊಂದು ಚೌಕಟ್ಟೂ ಸುಮಾರು 4.2 ಮಿಲಿಸೆಕೆಂಡು. 1/25 ಸೆಕೆಂಡೆಂದರೆ 40 ಮಿಲಿಸೆಕೆಂಡು. ಒಂಬತ್ತು ಹತ್ತು ಚೌಕಟ್ಟುಗಳಲ್ಲಿ ಬೆಳಕು ಕಾಣಬೇಕು. 1/100ಕ್ಕೆ ಎರಡು ಮೂರು. 1/500 ಈ ಲೆಕ್ಕಕ್ಕೆ ಸಿಗುವುದಿಲ್ಲ, ಒಂದೇ ಚೌಕಟ್ಟಿನೊಳಗೆ ಬಂದು ಹೋಗಿಬಿಡುತ್ತದೆ.

ನಮ್ಮ ಮಾಮಿಯಾದ ಒಂದು ಸೆಕೆಂಡಿಗೆ 240ರ ಬದಲು 301 ಚೌಕಟ್ಟು ಬಂತು, ಎಂದರೆ ಒಂದೂಕಾಲು ಸೆಕೆಂಡು. ಅರ್ಧ ಸೆಕೆಂಡಿನದೂ ಅಷ್ಟೇ ಸೋಮಾರಿ. 1/25ರಿಂದ ಮುಂದೆ ಎಲ್ಲ ಸರಿಯಾಗಿದೆ. ಪ್ರತಿ ವೇಗವನ್ನೂ ಐದೈದು ಸಲ ಅಳೆದು, ಬರೆದಿರುವುದೆಷ್ಟು, ನಿಜವಾಗಿ ಆಗುವುದೆಷ್ಟು ಎಂದು ಅವಳು ಒಂದು ಪಟ್ಟಿ ಮಾಡಿದ್ದಾಳೆ. ಅದನ್ನು ಕ್ಯಾಮೆರಾದ ಚರ್ಮದ ಚೀಲದ ಒಳಮೈಗೆ ಅಂಟಿಸಿದ್ದೇವೆ. ಮೊದಲ ಸುರುಳಿಯ ಹನ್ನೆರಡರಲ್ಲಿ ಒಂಬತ್ತು ಚಿತ್ರ ಚೆನ್ನಾಗಿ ಬಂದಿವೆ. ಒಂದು ಮಾವನದು. ಎಂಬತ್ತೊಂದರ ಅವರು ಜಗಲಿಯಲ್ಲಿ ಕೂತು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾರೆ.